ಗುಡ್ಡದ ದಾರಿಯ ಲೆಕ್ಕ: ಮಲೆನಾಡಿನಲ್ಲಿ ಸೈಕಲ್ ಸವಾರಿ

ಚಿಕ್ಕಮಗಳೂರಿನಿಂದ ಬೇಲೂರಿಗೆ ಸುಮಾರು 25 ಕಿಲೋಮೀಟರ್. ಅದೇ ಊರಿನಿಂದ ಮುಳ್ಳಯ್ಯನಗಿರಿಗೆ ಸುಮಾರು 20 ಕಿಲೋಮೀಟರ್. ಸೈಕಲ್ಲಿನಲ್ಲಿ ಹೊರಟ ಇಬ್ಬರು ಗೆಳೆಯರಲ್ಲಿ ಒಬ್ಬ ಬೇಲೂರಿನ ದಾರಿ, ಮತ್ತೊಬ್ಬ ಗಿರಿಯ ದಾರಿ ಹಿಡಿದರೆ ಮೊದಲು ಗುರಿ ಸೇರುವವರು ಯಾರು? ಕಿಲೋಮೀಟರ್ ಕಲ್ಲನ್ನು ಮಾತ್ರ ನಂಬಿದವರು ಗಿರಿಯ ಕಡೆ ಹೋದವನೆಂದು ಹೇಳುತ್ತಾರೆ. ಒಮ್ಮೆಯಾದರೂ ಮಲೆನಾಡಿನಲ್ಲಿ ಸೈಕಲ್ ತುಳಿದವರು ಹಾಗೆ ಹೇಳುವುದಿಲ್ಲ. ಬೇಲೂರಿಗೆ ಹೋದವನು ಚೆನ್ನಕೇಶವನ ಗುಡಿಯನ್ನು ನೋಡಿ, ಕಾಫಿ ಕುಡಿದು ಕುಳಿತಿರುವಾಗಲೂ ಗಿರಿಯ ದಾರಿಯವನು ಇನ್ನೂ ಏರುತ್ತಲೇ ಇರುತ್ತಾನೆ.

ಬಯಲುಸೀಮೆಯಲ್ಲಿ ದೂರವೇ ದಾರಿಯ ಅಳತೆ. ಗುಡ್ಡದ ನಾಡಿನಲ್ಲಿ ದೂರ ಅರ್ಧ ಸತ್ಯ ಮಾತ್ರ, ಉಳಿದರ್ಧ ಎತ್ತರದಲ್ಲಿದೆ. ಈ ಎರಡನೆಯ ಅರ್ಧವನ್ನು ಮನೆಯಲ್ಲಿಯೇ ಕುಳಿತು, ಹೊರಡುವ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಲೆಕ್ಕ ತಪ್ಪಿದರೆ ಆಗುವುದು ಬರೀ ದಣಿವಲ್ಲ. ನಡುದಾರಿಯಲ್ಲಿ ಕತ್ತಲಾಗುತ್ತದೆ, ಇಳಿಜಾರಿನಲ್ಲಿ ಬ್ರೇಕು ಕೈಕೊಡುತ್ತದೆ. ಆದ್ದರಿಂದ ರಜೆಯಲ್ಲಿ ಗೆಳೆಯರೊಡನೆ ಸೈಕಲ್ ಪ್ರವಾಸ ಹೊರಡಬೇಕೆಂದಿರುವ ವಿದ್ಯಾರ್ಥಿಗಳು ಇದನ್ನು ಒಂದು ಪಾಠದಂತೆ ಓದಿದರೂ ನಷ್ಟವಿಲ್ಲ. ಇಲ್ಲಿ ಬರುವ ಭೂಗೋಳವೂ ಭೌತಶಾಸ್ತ್ರವೂ ನಿಮ್ಮ ಪಠ್ಯಪುಸ್ತಕದಲ್ಲಿ ಇರುವಂಥವೇ.

ನೆಲದ ಸ್ವರೂಪ

ಸಹ್ಯಾದ್ರಿಯ ಎರಡು ಮಗ್ಗುಲುಗಳು ಒಂದೇ ರೀತಿಯವಲ್ಲ. ಪಶ್ಚಿಮಕ್ಕೆ, ಅಂದರೆ ಕರಾವಳಿಯ ಕಡೆಗೆ, ಅದು ಗೋಡೆಯಂತೆ ಕಡಿದಾಗಿ ಇಳಿಯುತ್ತದೆ. ಪೂರ್ವಕ್ಕೆ ಅಲೆಯಲೆಯಾಗಿ, ನಿಧಾನವಾಗಿ ತಗ್ಗುತ್ತ ಬಯಲುಸೀಮೆಯಲ್ಲಿ ಕರಗಿಹೋಗುತ್ತದೆ. ಆದ್ದರಿಂದ ತುಮಕೂರು, ಹಾಸನಗಳ ಕಡೆಯಿಂದ ಮಲೆನಾಡನ್ನು ಪ್ರವೇಶಿಸುವ ಸವಾರನಿಗೆ ಏರು ಗೊತ್ತೇ ಆಗುವುದಿಲ್ಲ. ಮಂಗಳೂರು, ಉಡುಪಿಗಳ ಕಡೆಯಿಂದ ಬರುವವನಿಗಾದರೋ ಆಗುಂಬೆ, ಚಾರ್ಮಾಡಿ, ಶಿರಾಡಿ, ಸಂಪಾಜೆಗಳಂಥ ಘಾಟಿಗಳು ಒಮ್ಮೆಲೇ ಎದುರಾಗುತ್ತವೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಬುಡದ ಸೋಮೇಶ್ವರದಿಂದ ಅಲ್ಲಿಗೆ ಬರುವ ರಸ್ತೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಸುತ್ತಿ ಸುತ್ತಿ ಏರುತ್ತದೆ.

ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅದರ ಉತ್ತರಕ್ಕೆ ಬಾಬಾಬುಡನ್‌ಗಿರಿ ಶ್ರೇಣಿ ಎದ್ದು ನಿಂತಿದೆ. ಈ ಶ್ರೇಣಿಯಲ್ಲಿರುವ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಪಟ್ಟಣದ ಆಗ್ನೇಯಕ್ಕೆ ಬೇಲೂರು, ಹಳೇಬೀಡುಗಳ ಏರಿಳಿತದ ಬಯಲು. ಪಶ್ಚಿಮಕ್ಕೆ ಆಲ್ದೂರು, ಬಾಳೆಹೊನ್ನೂರುಗಳ ಕಾಫಿಯ ಕಣಿವೆಗಳು. ನೈಋತ್ಯಕ್ಕೆ ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದಾಚೆಗೆ ಚಾರ್ಮಾಡಿ ಘಾಟಿ. ಹೀಗೆ ಒಂದೇ ಪಟ್ಟಣದಿಂದ ನಾಲ್ಕು ಬಗೆಯ ದಾರಿಗಳು ಹೊರಡುವುದರಿಂದ ಗುಡ್ಡದ ದಾರಿಯ ಲೆಕ್ಕ ಕಲಿಯಲು ಇದು ಬಹಳ ಒಳ್ಳೆಯ ಜಾಗ.

ನಕ್ಷೆಯಿಂದ ಏರನ್ನು ಓದುವುದು

ಎತ್ತರವನ್ನು ತಿಳಿಸುವ ನಕ್ಷೆ ಎಂದರೆ ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟು. 1767ರಲ್ಲಿ ಆರಂಭವಾದ ಈ ಇಲಾಖೆಯ ನಕ್ಷೆಗಳು ಬಹುಕಾಲ ಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗಾಗಿಯೇ ಪ್ರತ್ಯೇಕ ಸರಣಿಯ ನಕ್ಷೆಗಳು ಬಂದವು. 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಅದರಲ್ಲಿ ಕಂದು ಬಣ್ಣದ ಬಳುಕು ಗೆರೆಗಳನ್ನು ಕಾಣುತ್ತೀರಿ. ಅವೇ ಸಮೋನ್ನತ ರೇಖೆಗಳು. ಒಂದು ಗೆರೆಯ ಮೇಲಿನ ಎಲ್ಲ ಬಿಂದುಗಳೂ ಒಂದೇ ಎತ್ತರದಲ್ಲಿರುತ್ತವೆ. ಸಾಮಾನ್ಯವಾಗಿ ಒಂದು ಗೆರೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ಅಂತರವಿರುತ್ತದೆ.

ಈಗ ಲೆಕ್ಕ ಸುಲಭ. ನೀವು ಹೋಗಬೇಕಾದ ರಸ್ತೆ ನಕ್ಷೆಯ ಮೇಲೆ 2 ಸೆಂಟಿಮೀಟರ್ ಸಾಗುವಷ್ಟರಲ್ಲಿ ಮೂರು ಸಮೋನ್ನತ ರೇಖೆಗಳನ್ನು ದಾಟಿತು ಎನ್ನಿ. ಅಂದರೆ 1,000 ಮೀಟರ್ ದೂರದಲ್ಲಿ 60 ಮೀಟರ್ ಏರಿತು. ನೂರು ಮೀಟರಿಗೆ ಆರು ಮೀಟರ್, ಶೇಕಡಾ 6ರ ಏರು. ಗೆರೆಗಳು ಒತ್ತೊತ್ತಾಗಿ ರಸ್ತೆಯನ್ನು ಅಡ್ಡಹಾಯ್ದರೆ ಕಡಿದಾದ ಏರು ಎಂದೂ, ರಸ್ತೆ ಗೆರೆಯ ಜೊತೆಜೊತೆಯಾಗಿಯೇ ಸಾಗಿದರೆ ಸಮತಟ್ಟು ಎಂದೂ ತಿಳಿಯಬೇಕು. ಈಗ ಮೊಬೈಲ್ ಫೋನಿನ ಕೆಲವು ನಕ್ಷೆಗಳು ಏರಿಳಿತದ ಚಿತ್ರವನ್ನು ತಾವೇ ಬಿಡಿಸಿ ತೋರಿಸುತ್ತವೆ. ಆದರೆ ಅವು ಯಾವ ಲೆಕ್ಕದಿಂದ ಹಾಗೆ ತೋರಿಸುತ್ತಿವೆ ಎಂಬುದು ಗೊತ್ತಿದ್ದವನಿಗೆ ಮಾತ್ರ ಆ ಚಿತ್ರದಿಂದ ಪೂರ್ಣ ಪ್ರಯೋಜನ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಸರಾಸರಿ ಮೋಸ ಮಾಡುತ್ತದೆ. ಚಿಕ್ಕಮಗಳೂರಿನಿಂದ ಗಿರಿಯ ಮೇಲೆ ರಸ್ತೆ ಮುಗಿಯುವ ಜಾಗದವರೆಗೆ 700 ಮೀಟರಿಗೂ ಹೆಚ್ಚು ಏರಬೇಕು. 20 ಕಿಲೋಮೀಟರಿಗೆ ಹಂಚಿದರೆ ಸರಾಸರಿ ಶೇಕಡಾ 4ರ ಆಸುಪಾಸು ಬರುತ್ತದೆ. ಇದೇನು ಮಹಾ ಎನ್ನಿಸಬಹುದು. ಆದರೆ ಆರಂಭದ ಕೆಲವು ಕಿಲೋಮೀಟರುಗಳು ಸೌಮ್ಯವಾಗಿದ್ದು, ಆ ಉಳಿತಾಯವನ್ನೆಲ್ಲ ಮುಂದಿನ ದಾರಿ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಎರಡನೆಯದು, ಹೊರಟ ಊರಿನ ಮತ್ತು ತಲುಪುವ ಊರಿನ ಎತ್ತರಗಳ ವ್ಯತ್ಯಾಸವೇ ಒಟ್ಟು ಏರು ಅಲ್ಲ. ಚಿಕ್ಕಮಗಳೂರಿನಿಂದ ಶೃಂಗೇರಿ ಬಹಳ ತಗ್ಗಿನಲ್ಲಿದೆ, ಆದ್ದರಿಂದ ದಾರಿಯುದ್ದಕ್ಕೂ ಇಳಿಜಾರೇ ಇರಬೇಕು ಎಂದುಕೊಂಡರೆ ತಪ್ಪಾಗುತ್ತದೆ. ನಡುವೆ ಭದ್ರಾ ನದಿಯ ಕಣಿವೆಗೆ ಇಳಿದು, ಭದ್ರೆಗೂ ತುಂಗೆಗೂ ನಡುವಣ ದಿಣ್ಣೆಯನ್ನು ಏರಿ, ಮತ್ತೆ ತುಂಗೆಯ ಕಡೆಗೆ ಇಳಿಯಬೇಕು. ಒಂದು ಸಾಮಾನ್ಯ ಸೂತ್ರವನ್ನು ನೆನಪಿಡಿ: ನದಿಯ ಜೊತೆಗೆ ಸಾಗುವ ರಸ್ತೆ ಹಗುರ, ನದಿಗಳನ್ನು ಅಡ್ಡಹಾಯುವ ರಸ್ತೆ ಭಾರ.

ಹೊತ್ತಿನ ಲೆಕ್ಕ

1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕಾಲ್ನಡಿಗೆಯವರಿಗೆ ಒಂದು ಸೂತ್ರವನ್ನು ಕೊಟ್ಟ. ಸುಮಾರು 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಸುಮಾರು 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸೈಕಲ್ ಸವಾರರಿಗೂ ಇಂಥದೇ ಒಂದು ಲೆಕ್ಕವನ್ನು ನಾವೇ ಮಾಡಿಕೊಳ್ಳಬಹುದು.

ಸವಾರ, ಸೈಕಲ್, ಚೀಲ ಎಲ್ಲ ಸೇರಿ 70 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಇಷ್ಟು ತೂಕವನ್ನು 100 ಮೀಟರ್ ಮೇಲಕ್ಕೆ ಒಯ್ಯಲು ಬೇಕಾದ ಕೆಲಸ 70 × 9.8 × 100, ಅಂದರೆ 68,600 ಜೌಲ್. ಆರೋಗ್ಯವಂತ ವಿದ್ಯಾರ್ಥಿಯೊಬ್ಬ ಏದುಸಿರು ಬಿಡದೆ ದೀರ್ಘಕಾಲ ತುಳಿಯುವಾಗ ಸುಮಾರು 100 ವ್ಯಾಟ್ ಸಾಮರ್ಥ್ಯವನ್ನು ಕೊಡುತ್ತಾನೆ ಎಂದರೆ, 686 ಸೆಕೆಂಡು, ಅಂದರೆ ಹನ್ನೊಂದೂವರೆ ನಿಮಿಷ ಬೇಕು. ಹನ್ನೆರಡು ಎಂದು ಹಿಡಿಯೋಣ. ಹೀಗಾಗಿ ಸಮತಟ್ಟಿನ ದೂರಕ್ಕೆ ಗಂಟೆಗೆ 15 ಕಿಲೋಮೀಟರಿನಂತೆ ಹೊತ್ತನ್ನು ಲೆಕ್ಕ ಹಾಕಿ, ಅದಕ್ಕೆ ಪ್ರತಿ 100 ಮೀಟರ್ ಏರಿಗೆ 12 ನಿಮಿಷ ಕೂಡಿಸಬೇಕು.

ಆರಂಭದ ಪ್ರಶ್ನೆಗೆ ಈಗ ಉತ್ತರ ಸಿಗುತ್ತದೆ. ಬೇಲೂರಿನ 25 ಕಿಲೋಮೀಟರಿಗೆ ಒಂದು ಗಂಟೆ ನಲವತ್ತು ನಿಮಿಷ. ಗಿರಿಯ 20 ಕಿಲೋಮೀಟರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ, ಏರಿಗಾಗಿ ಇನ್ನೂ ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ, ಒಟ್ಟು ಎರಡೂಮುಕ್ಕಾಲು ಗಂಟೆ. ದಾರಿಯಲ್ಲಿ ನಿಂತು ದಣಿವಾರಿಸಿಕೊಳ್ಳುವ ಹೊತ್ತು ಬೇರೆ.

ಈ ಏರಿಗೆ ಬೇಕಾದ ಆಹಾರವನ್ನೂ ಲೆಕ್ಕ ಹಾಕಬಹುದು. 700 ಮೀಟರ್ ಏರಲು ಸುಮಾರು 480 ಕಿಲೋಜೌಲ್ ಕೆಲಸವಾಗುತ್ತದೆ. ನಮ್ಮ ಸ್ನಾಯುಗಳು ತಿಂದ ಆಹಾರದ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಕೆಲಸವಾಗಿ ಪರಿವರ್ತಿಸುತ್ತವೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹೀಗಾಗಿ ಆ ಏರೊಂದಕ್ಕೇ ಸುಮಾರು 460 ಕಿಲೋಕ್ಯಾಲೊರಿ, ಅಂದರೆ ಮಧ್ಯಮ ಗಾತ್ರದ ಹತ್ತು ಇಡ್ಲಿಗಳಷ್ಟು ಆಹಾರ ಬೇಕಾಗುತ್ತದೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಹೊರಟವನಿಗೆ ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬರುವುದು ಇದಕ್ಕಾಗಿಯೇ. ಬಾಳೆಹಣ್ಣು, ಕಡಲೆಬೀಜ, ಬೆಲ್ಲ ಚೀಲದಲ್ಲಿರಲಿ. ನೀರಂತೂ ಇರಲೇಬೇಕು.

ದೊಡ್ಡ ರಸ್ತೆಯೋ, ಸಣ್ಣ ರಸ್ತೆಯೋ?

ಮಲೆನಾಡಿನ ನಕ್ಷೆಯನ್ನು ನೋಡಿದಾಗ ಒಂದೇ ಊರಿಗೆ ಎರಡು ದಾರಿಗಳು ಕಾಣುವುದುಂಟು. ಒಂದು ಹೆದ್ದಾರಿ, ಸುತ್ತು ದಾರಿ. ಇನ್ನೊಂದು ತೋಟಗಳ ನಡುವಿನ ಒಳದಾರಿ. ಒಳದಾರಿ ಹತ್ತಿರ ಎಂದು ಹುಡುಗರು ಅದನ್ನೇ ಹಿಡಿಯುತ್ತಾರೆ. ಇಲ್ಲಿ ತುಸು ಯೋಚಿಸಬೇಕು.

ಹೆದ್ದಾರಿಗಳನ್ನು ಕಟ್ಟುವಾಗ ಏರಿಗೆ ಒಂದು ಮಿತಿ ಇರುತ್ತದೆ. ಬೆಟ್ಟ ಪ್ರದೇಶದ ರಸ್ತೆಗಳಲ್ಲಿ ಸಾಮಾನ್ಯ ಏರು ಶೇಕಡಾ 5ರಿಂದ 6ರಷ್ಟಿರಬೇಕು, ಅನಿವಾರ್ಯವಾದ ಕಡೆ ಮಾತ್ರ ಶೇಕಡಾ 7 ಅಥವಾ 8ರವರೆಗೆ ಹೋಗಬಹುದು ಎಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ. ತುಂಬಿದ ಲಾರಿ ಏರಬೇಕಲ್ಲವೇ? ಅದಕ್ಕಾಗಿಯೇ ಘಾಟಿ ರಸ್ತೆ ಹಾವಿನಂತೆ ಸುತ್ತುತ್ತದೆ. ದೂರ ಹೆಚ್ಚಾದರೂ ಏರು ಸೌಮ್ಯವಾಗುತ್ತದೆ. ತೋಟದ ರಸ್ತೆಗಳಿಗಾಗಲಿ, ಬೆಟ್ಟದ ಮೇಲಿನ ಗುಡಿಗಳಿಗೆ ಹೋಗುವ ಹಳೆಯ ದಾರಿಗಳಿಗಾಗಲಿ ಇಂಥ ಕಟ್ಟುಪಾಡು ಎಲ್ಲ ಕಡೆ ಪಾಲನೆಯಾಗಿರುವುದಿಲ್ಲ. ಅವು ನೇರವಾಗಿ ಮೇಲೇರುತ್ತವೆ. ಶೇಕಡಾ 10, 12ರ ಏರು ಅಲ್ಲಿ ಅಪರೂಪವಲ್ಲ.

ಅಂದಮೇಲೆ ಹೆದ್ದಾರಿಯೇ ಉತ್ತಮವೇ? ಹಾಗೂ ಹೇಳುವಂತಿಲ್ಲ. ಏರು ಸೌಮ್ಯವಾದಲ್ಲಿ ಲಾರಿಗಳೂ ಬಸ್ಸುಗಳೂ ಬರುತ್ತವೆ. ಶಿರಾಡಿ ಘಾಟಿಯ ರಸ್ತೆ ಬೆಂಗಳೂರು-ಮಂಗಳೂರು ಹೆದ್ದಾರಿಯ ಭಾಗ. ಹಗಲಿರುಳೂ ಭಾರಿ ವಾಹನಗಳು ಓಡಾಡುವ ಅಂಥ ಕಡೆ ಸೈಕಲ್ ಸವಾರನಿಗೆ ರಸ್ತೆಯ ಅಂಚು ಮಾತ್ರ ಉಳಿಯುತ್ತದೆ. ಒಳದಾರಿಯಲ್ಲಿ ಏರು ಕಡಿದು, ಆದರೆ ಹಕ್ಕಿಯ ದನಿ ಕೇಳಿಸುವಷ್ಟು ನಿಶ್ಶಬ್ದ. ಹೊಸಬರಿಗೆ ಹೊಂದುವುದು ಇವೆರಡರ ನಡುವಿನದು, ಅಂದರೆ ಎರಡು ತಾಲ್ಲೂಕು ಕೇಂದ್ರಗಳನ್ನು ಜೋಡಿಸುವ, ಸರ್ಕಾರಿ ಬಸ್ಸು ಓಡಾಡುವ, ಆದರೆ ದೂರಪ್ರಯಾಣದ ಲಾರಿಗಳು ಬಾರದ ರಸ್ತೆ. ಬಸ್ಸು ಓಡುವ ದಾರಿಯಲ್ಲಿ ಇನ್ನೊಂದು ಅನುಕೂಲವೂ ಇದೆ. ಸೈಕಲ್ ಕೆಟ್ಟರೆ, ಕಾಲು ಸೋತರೆ, ಹಿಂತಿರುಗಲು ಒಂದು ದಾರಿ ಇರುತ್ತದೆ.

ಗೇರು ಮಾಡುವ ಕೆಲಸ

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಿಂದ ಲಕ್ಷಾಂತರ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಸೈಕಲ್ ದೊರೆಯಿತು. ಅವೆಲ್ಲ ಒಂದೇ ಗೇರಿನವು. ಅಂಥ ಸೈಕಲ್ಲಿನಲ್ಲಿ ಗುಡ್ಡ ಏರಬಹುದೇ?

ಸಾಧಾರಣ ಸೈಕಲ್ಲಿನಲ್ಲಿ ಪೆಡಲಿನ ಬಳಿಯ ಹಲ್ಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದುಕೊಳ್ಳಿ. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿನಲ್ಲಿ ಇದು ಸರಿಯಾದ ಅಳತೆ. ಏರಿನಲ್ಲಿ ವೇಗ ಗಂಟೆಗೆ 8 ಕಿಲೋಮೀಟರಿಗೆ ಇಳಿದಾಗ ಪೆಡಲು ನಿಮಿಷಕ್ಕೆ ಕೇವಲ 25 ಸುತ್ತು ತಿರುಗುತ್ತದೆ. ಒಂದೊಂದು ಸುತ್ತೂ ಮೆಟ್ಟಿಲ ಮೇಲೆ ಮೂಟೆ ಹೊತ್ತು ನಿಂತಂತೆ ಭಾರ. ಗೇರುಳ್ಳ ಸೈಕಲ್ಲಿನಲ್ಲಿ ಮುಂದೆ 34, ಹಿಂದೆ 32 ಹಲ್ಲುಗಳ ಜೋಡಿಗೆ ಚೈನನ್ನು ಬದಲಿಸಿದರೆ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಮಾತ್ರ ಸಾಗುತ್ತೇವೆ. ಅದೇ 8 ಕಿಲೋಮೀಟರ್ ವೇಗದಲ್ಲಿ ಪೆಡಲು ನಿಮಿಷಕ್ಕೆ 60 ಸುತ್ತು ಹಗುರವಾಗಿ ತಿರುಗುತ್ತದೆ.

ಗೇರು ಶಕ್ತಿಯನ್ನು ಉಳಿಸುವುದಿಲ್ಲ ಎಂಬುದನ್ನು ಗಮನಿಸಬೇಕು. 700 ಮೀಟರ್ ಏರಲು ಬೇಕಾದ 480 ಕಿಲೋಜೌಲ್ ಎರಡೂ ಸೈಕಲ್ಲಿಗೆ ಒಂದೇ. ಗೇರು ಆ ಕೆಲಸವನ್ನು ಸಣ್ಣ ಸಣ್ಣ ತುತ್ತುಗಳಾಗಿ ಹಂಚಿಕೊಡುತ್ತದೆ, ಅಷ್ಟೇ. 1903ರಲ್ಲಿ ಆರಂಭವಾದ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಸ್ಪರ್ಧೆ 1910ರಲ್ಲಿ ಪಿರೆನೀಸ್ ಪರ್ವತದ ಎತ್ತರದ ಕಣಿವೆದಾರಿಗಳನ್ನು ಹತ್ತಿತು. ಆದರೆ ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಗೇರಿಗೆ ಅಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಏರು ಬಂದಾಗ ಇಳಿದು, ಹಿಂದಿನ ಚಕ್ರವನ್ನೇ ಬಿಚ್ಚಿ, ಇನ್ನೊಂದು ಮಗ್ಗುಲಿನ ಹಲ್ಲುಗಳಿಗೆ ಚೈನು ಸಿಕ್ಕಿಸಿ ಮುಂದೆ ಹೋಗುತ್ತಿದ್ದರು. ಒಂದೇ ಗೇರಿನ ಸೈಕಲ್ಲಿರುವ ವಿದ್ಯಾರ್ಥಿಗಳು ಕಡಿದಾದ ಏರಿನಲ್ಲಿ ಇಳಿದು ತಳ್ಳಿಕೊಂಡು ನಡೆದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಮಂಡಿಗೆ ಪೆಟ್ಟಾಗುವಂತೆ ಎದ್ದು ನಿಂತು ತುಳಿಯುವುದಕ್ಕಿಂತ ಅದೇ ಲೇಸು. ಹೊತ್ತಿನ ಲೆಕ್ಕದಲ್ಲಿ ಮಾತ್ರ ಅದನ್ನು ಸೇರಿಸಿಕೊಳ್ಳಬೇಕು.

ಇಳಿಯುವುದೇ ನಿಜವಾದ ಪರೀಕ್ಷೆ

ಏರುವಾಗ ತಪ್ಪು ಮಾಡಿದರೆ ದಣಿವಾಗುತ್ತದೆ. ಇಳಿಯುವಾಗ ತಪ್ಪು ಮಾಡಿದರೆ ಅಪಘಾತವಾಗುತ್ತದೆ. ಆದರೂ ಹೆಚ್ಚಿನವರು ಏರಿಗೆ ಮಾತ್ರ ಸಿದ್ಧರಾಗಿ ಹೊರಡುತ್ತಾರೆ.

ಏರುವಾಗ ನೀವು ಮಾಡಿದ 480 ಕಿಲೋಜೌಲ್ ಕೆಲಸ ಎಲ್ಲಿಯೂ ಹೋಗಿಲ್ಲ, ಪ್ರಚ್ಛನ್ನ ಶಕ್ತಿಯಾಗಿ ನಿಮ್ಮಲ್ಲಿಯೇ ಉಳಿದಿದೆ. ಕೆಳಗೆ ಬರುವಾಗ ಅದು ಚಲನ ಶಕ್ತಿಯಾಗುತ್ತದೆ. ಶೇಕಡಾ 6ರ ಇಳಿಜಾರಿನಲ್ಲಿ ಪೆಡಲು ತುಳಿಯದೆ ಬಿಟ್ಟರೂ ಸೈಕಲ್ ಗಂಟೆಗೆ 35ರಿಂದ 40 ಕಿಲೋಮೀಟರ್ ವೇಗ ಪಡೆಯಬಲ್ಲದು. ಶೇಕಡಾ 10ರಲ್ಲಿ 50ರ ಸಮೀಪ. ಈ ವೇಗವನ್ನು ತಡೆಯುವುದು ಗಾಳಿ ಮತ್ತು ಬ್ರೇಕು ಮಾತ್ರ. ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲು ಕಡಿಮೆ, ಬ್ರೇಕಿನ ಪಾಲು ಹೆಚ್ಚು. ಆ ಶಕ್ತಿಯೆಲ್ಲ ಘರ್ಷಣೆಯಿಂದ ಶಾಖವಾಗುತ್ತದೆ. 480 ಕಿಲೋಜೌಲ್ ಎಂದರೆ ಒಂದೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಅದರಲ್ಲಿ ದೊಡ್ಡ ಪಾಲು ಎರಡು ಜೊತೆ ಬ್ರೇಕ್ ರಬ್ಬರು ಮತ್ತು ರಿಮ್ಮುಗಳ ಮೇಲೆ ಬೀಳುತ್ತದೆ. ಸವೆದ ರಬ್ಬರಿನಿಂದ ಗಿರಿ ಇಳಿಯಬಾರದು ಎನ್ನುವುದು ಇದಕ್ಕಾಗಿಯೇ.

ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ಇಮ್ಮಡಿಯಲ್ಲ, ಅದಕ್ಕೂ ಹೆಚ್ಚು. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಿಂದ, 20 ಕಿಲೋಮೀಟರ್ ವೇಗದಲ್ಲಿರುವ ಸವಾರ ಅಪಾಯವನ್ನು ಕಂಡು ಬ್ರೇಕು ಒತ್ತಿ ನಿಲ್ಲುವಷ್ಟರಲ್ಲಿ ಸುಮಾರು 10 ಮೀಟರ್ ಸಾಗಿರುತ್ತಾನೆ. 40 ಕಿಲೋಮೀಟರ್ ವೇಗದಲ್ಲಿ ಸಮತಟ್ಟಿನಲ್ಲಿಯೇ 27 ಮೀಟರ್, ಶೇಕಡಾ 8ರ ಇಳಿಜಾರಿನಲ್ಲಿ 30 ಮೀಟರಿಗೂ ಹೆಚ್ಚು. ಘಾಟಿಯ ಅನೇಕ ತಿರುವುಗಳಲ್ಲಿ ಮುಂದಿನ 30 ಮೀಟರ್ ರಸ್ತೆ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವ ದೂರದೊಳಗೆ ನಿಲ್ಲಬಲ್ಲಷ್ಟೇ ವೇಗ ಇರಬೇಕು ಎಂಬುದು ಇಳಿಜಾರಿನ ಮೊದಲ ನಿಯಮ.

ಉಳಿದ ನಿಯಮಗಳು ಅದರಿಂದಲೇ ಹುಟ್ಟುತ್ತವೆ. ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ವೇಗ ತಗ್ಗಿಸಿ. ಎರಡೂ ಬ್ರೇಕುಗಳನ್ನು ಒಟ್ಟಿಗೆ, ಹದವಾಗಿ ಬಳಸಿ. ಮುಂದಿನದನ್ನು ಮಾತ್ರ ಹಠಾತ್ತನೆ ಒತ್ತಿದರೆ ಸೈಕಲ್ ಮುಗ್ಗರಿಸುತ್ತದೆ, ಹಿಂದಿನದನ್ನು ಮಾತ್ರ ಒತ್ತಿದರೆ ಚಕ್ರ ಜಾರುತ್ತದೆ. ಮಳೆಯಲ್ಲಿ ನೆನೆದ ರಿಮ್ಮಿನ ಮೇಲೆ ಬ್ರೇಕು ತಕ್ಷಣ ಹಿಡಿಯುವುದಿಲ್ಲವಾದ್ದರಿಂದ ಮೊದಲೇ ಮೆಲ್ಲನೆ ಒತ್ತಿ ನೀರನ್ನು ಒರೆಸಿಕೊಳ್ಳಬೇಕು. ಉದ್ದದ ಇಳಿಜಾರಿನಲ್ಲಿ ಆಗಾಗ ನಿಂತು ಕೈಗೂ ರಿಮ್ಮಿಗೂ ವಿರಾಮ ಕೊಡಿ. ಹೇರ್‌ಪಿನ್ ತಿರುವಿನಲ್ಲಿ ಬಸ್ಸು ಬರುತ್ತಿದ್ದರೆ ಅದಕ್ಕೆ ಪೂರ್ತಿ ರಸ್ತೆ ಬೇಕಾಗುತ್ತದೆ ಎಂದು ತಿಳಿದು, ತಿರುವಿಗೆ ಮುಂಚೆಯೇ ಎಡಕ್ಕೆ ನಿಂತು ಬಿಟ್ಟುಕೊಡಿ. ಒಬ್ಬರ ಹಿಂದೆ ಒಬ್ಬರು, ನಡುವೆ ಸಾಕಷ್ಟು ಅಂತರ ಬಿಟ್ಟು ಇಳಿಯಬೇಕು. ಪಂದ್ಯ ಕಟ್ಟಲೇಬಾರದು. ತಲೆಗೆ ಹೆಲ್ಮೆಟ್ ಇರಲಿ.

ನಾಲ್ಕು ದಾರಿಗಳು, ನಾಲ್ಕು ಮೆಟ್ಟಿಲುಗಳು

ಇಷ್ಟು ತಿಳಿದ ಮೇಲೆ ಚಿಕ್ಕಮಗಳೂರಿನ ದಾರಿಗಳನ್ನು ಸುಲಭದಿಂದ ಕಠಿಣಕ್ಕೆ ಹೀಗೆ ಜೋಡಿಸಬಹುದು.

ಮೊದಲನೆಯದು ಬೇಲೂರು, ಹಳೇಬೀಡು, ಬೆಳವಾಡಿಗಳ ಸುತ್ತು. ಚಿಕ್ಕಮಗಳೂರಿನಿಂದ ಬೇಲೂರಿಗೆ 25, ಅಲ್ಲಿಂದ ಹಳೇಬೀಡಿಗೆ 16, ಬೆಳವಾಡಿಯ ಮೂಲಕ ಹಿಂತಿರುಗಲು ಸುಮಾರು 40, ಒಟ್ಟು 80 ಕಿಲೋಮೀಟರಿನ ಆಸುಪಾಸು. ಏರಿಳಿತ ಉಂಟು, ಆದರೆ ಘಾಟಿ ಇಲ್ಲ. ಮೂರೂ ಕಡೆ ಹೊಯ್ಸಳರ ಗುಡಿಗಳಿವೆ. ಬೇಲೂರು, ಹಳೇಬೀಡುಗಳ ಗುಡಿಗಳು ಸೋಮನಾಥಪುರದೊಡನೆ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಸಬರು ಬೇಲೂರಿಗೆ ಹೋಗಿ ಅದೇ ದಾರಿಯಲ್ಲಿ ಹಿಂತಿರುಗಿದರೂ ಸಾಕು, 50 ಕಿಲೋಮೀಟರ್ ಆಗುತ್ತದೆ.

ಎರಡನೆಯದು ಆಲ್ದೂರು, ಬಾಳೆಹೊನ್ನೂರುಗಳ ಮೇಲೆ ಶೃಂಗೇರಿಗೆ ಹೋಗುವ ದಾರಿ. ಸುಮಾರು 90 ಕಿಲೋಮೀಟರ್. ಒಂದು ದಿನಕ್ಕೆ ಇದು ಹೊಸಬರಿಗೆ ಹೆಚ್ಚು, ಬಾಳೆಹೊನ್ನೂರಿನಲ್ಲಿ ತಂಗಿ ಎರಡು ದಿನ ಮಾಡಿಕೊಳ್ಳುವುದು ಮೇಲು. ಭೂಗೋಳದ ವಿದ್ಯಾರ್ಥಿಗಳಿಗೆ ಈ ದಾರಿ ಒಂದು ತೆರೆದ ಪುಸ್ತಕ. ಚಿಕ್ಕಮಗಳೂರಿನ ಬಳಿ ಹುಟ್ಟುವ ಯಗಚಿ ಹೇಮಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಬಾಳೆಹೊನ್ನೂರಿನ ಭದ್ರೆಯಾದರೋ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ತುಂಗಭದ್ರೆಯಾಗಿ ಕೃಷ್ಣೆಗೆ ಹೋಗುತ್ತದೆ. ಹೀಗಾಗಿ ಈ ದಾರಿಯ ಸವಾರ ಕಾವೇರಿ ಮತ್ತು ಕೃಷ್ಣಾ ಕೊಳ್ಳಗಳ ನಡುವಿನ ಜಲವಿಭಾಜಕವನ್ನು ತನ್ನ ಕಾಲಿನಿಂದಲೇ ದಾಟುತ್ತಾನೆ.

ಮೂರನೆಯದು ಮುಳ್ಳಯ್ಯನಗಿರಿ. ಕೈಮರ ದಾಟಿ ಏರುವ ರಸ್ತೆ ಮುಂದೆ ಕವಲೊಡೆದು, ಒಂದು ಸೀತಾಳಯ್ಯನಗಿರಿಯ ಮೂಲಕ ಮುಳ್ಳಯ್ಯನಗಿರಿಗೂ ಇನ್ನೊಂದು ಬಾಬಾಬುಡನ್‌ಗಿರಿಗೂ ಹೋಗುತ್ತದೆ. ಸೀತಾಳಯ್ಯನಗಿರಿಯಿಂದಾಚೆ ರಸ್ತೆ ಕಿರಿದು, ಒಂದು ಪಕ್ಕ ಪ್ರಪಾತ. ರಸ್ತೆ ಮುಗಿದ ಮೇಲೆ ಶಿಖರಕ್ಕೆ ಮೆಟ್ಟಿಲುಗಳಿವೆ. ವಾರದ ಕೊನೆಯಲ್ಲಿ ಪ್ರವಾಸಿ ವಾಹನಗಳ ದಟ್ಟಣೆ ಬಹಳ, ಆದ್ದರಿಂದ ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ. ಪ್ರವೇಶದ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ಇಲ್ಲಿಯ ಹುಲ್ಲುಗಾವಲು ಮತ್ತು ಶೋಲಾ ಕಾಡು ಬಹಳ ಸೂಕ್ಷ್ಮವಾದವು. ರಸ್ತೆ ಬಿಟ್ಟು ಹುಲ್ಲಿನ ಮೇಲೆ ಸೈಕಲ್ ಓಡಿಸಬಾರದು.

ನಾಲ್ಕನೆಯದು ಮೂಡಿಗೆರೆ, ಕೊಟ್ಟಿಗೆಹಾರಗಳ ಮೂಲಕ ಚಾರ್ಮಾಡಿ ಘಾಟಿ. ಕೊಟ್ಟಿಗೆಹಾರದ ಸುತ್ತಮುತ್ತ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಯ ಕಡೆಗೆ, ಮುಂದೆ ಬಂಗಾಳ ಕೊಲ್ಲಿಗೆ. ಘಾಟಿಯ ಕಡೆ ಬಿದ್ದ ಮಳೆ ನೇತ್ರಾವತಿಗೆ, ಮುಂದೆ ಅರಬ್ಬೀ ಸಮುದ್ರಕ್ಕೆ. ಇಲ್ಲಿ ಇಳಿಜಾರು ದೀರ್ಘ, ಒಂದು ಪಕ್ಕ ಆಳವಾದ ಕಣಿವೆ, ವಾಹನಗಳೂ ಹೆಚ್ಚು. 2019ರ ಆಗಸ್ಟ್ ಮಳೆಯಲ್ಲಿ ಈ ರಸ್ತೆ ಹಲವೆಡೆ ಕುಸಿದು ಸಂಚಾರ ನಿಂತಿತ್ತು. ಮೊದಲ ಮೂರು ದಾರಿಗಳಲ್ಲಿ ಪಳಗಿದವರು, ಅನುಭವಿಗಳಾದ ಹಿರಿಯರೊಡನೆ ಮಾತ್ರ ಇದನ್ನು ಕೈಗೊಳ್ಳಬೇಕು.

ಋತು ಮತ್ತು ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಯಲ್ಲಿ ಘಾಟಿ ಇಳಿಯುವ ಸಾಹಸ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ ಎಂದರೆ ಅಲ್ಲಿನ ರಸ್ತೆಯ ಪಾಚಿಯನ್ನೂ ಜಾರಿಕೆಯನ್ನೂ ಊಹಿಸಿಕೊಳ್ಳಬಹುದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಆಗ ಕಾಫಿ ಕೊಯ್ಲು ನಡೆಯುವುದರಿಂದ ತೋಟದ ರಸ್ತೆಗಳಲ್ಲಿ ಟ್ರಾಕ್ಟರು, ಪಿಕಪ್ ವ್ಯಾನುಗಳು ತಿರುವಿನಲ್ಲಿ ಎದುರಾಗುತ್ತವೆ, ಗಂಟೆ ಬಾರಿಸುತ್ತ ಹೋಗಿ.

ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಗಿರಿಯ ಮೇಲೆ ಪಟ್ಟಣಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ. ಬೆವರಿನಿಂದ ತೊಯ್ದ ಅಂಗಿಯಲ್ಲಿ ಗಾಳಿಗೆ ಎದುರಾಗಿ ಇಳಿದರೆ ಬೆರಳುಗಳು ಮರಗಟ್ಟಿ ಬ್ರೇಕು ಹಿಡಿಯುವ ಶಕ್ತಿಯೇ ಕುಂದುತ್ತದೆ. ಇಳಿಯುವ ಮೊದಲು ಒಂದು ಸ್ವೆಟರ್ ಹಾಕಿಕೊಳ್ಳಿ. ಮುಂಜಾನೆಯ ಮಂಜು ಕರಗಿದ ಮೇಲೆಯೇ ಹೊರಟು, ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ಊರು ಸೇರುವಂತೆ ಲೆಕ್ಕವಿರಲಿ. ಆಲ್ದೂರು, ಮೂಡಿಗೆರೆಗಳ ಕಡೆ ಕಾಡಾನೆಗಳ ಓಡಾಟವಿದೆ. ನಸುಕಿನಲ್ಲಿಯೂ ಸಂಜೆಗತ್ತಲಲ್ಲಿಯೂ ಅಲ್ಲಿ ಸೈಕಲ್ ತುಳಿಯಬಾರದು. ಅಂದಿನ ಪರಿಸ್ಥಿತಿಯನ್ನು ಊರಿನವರನ್ನು ಕೇಳಿ ತಿಳಿದುಕೊಳ್ಳಿ.

ನೀವೇ ಮಾಡಿ ನೋಡಿ

ನಿಮ್ಮ ಊರು ಮಲೆನಾಡಿನಲ್ಲಿ ಇಲ್ಲದಿರಬಹುದು. ಆದರೂ ನಿಮ್ಮ ಮನೆಯಿಂದ ಶಾಲೆಗೋ ಕಾಲೇಜಿಗೋ ಹೋಗುವ ದಾರಿಯಲ್ಲಿ ಒಂದು ದಿಣ್ಣೆಯಾದರೂ ಇದ್ದೀತು. ಒಂದು ಗ್ರಾಫ್ ಹಾಳೆಯನ್ನು ತೆಗೆದುಕೊಂಡು, ಅಡ್ಡಕ್ಕೆ ದೂರವನ್ನೂ ಲಂಬಕ್ಕೆ ಎತ್ತರವನ್ನೂ ಗುರುತಿಸಿ, ನಕ್ಷೆಯ ನೆರವಿನಿಂದ ಆ ದಾರಿಯ ಏರಿಳಿತವನ್ನು ಬಿಡಿಸಿ. ಎಲ್ಲಿ ಏರು ಶೇಕಡಾ 5ನ್ನು ಮೀರುತ್ತದೆ ಎಂದು ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ. ಆಮೇಲೆ ಹೊತ್ತಿನ ಸೂತ್ರದಿಂದ ಎಷ್ಟು ನಿಮಿಷ ಬೇಕಾಗುತ್ತದೆ ಎಂದು ಬರೆದಿಟ್ಟು, ಸೈಕಲ್ ತುಳಿದು ಗಡಿಯಾರ ನೋಡಿ. ಉತ್ತರ ತಾಳೆಯಾಗದಿದ್ದರೆ ಸೂತ್ರದಲ್ಲಿ ನಾವು ಹಿಡಿದ 100 ವ್ಯಾಟ್ ನಿಮಗೆ ಹೆಚ್ಚೋ ಕಡಿಮೆಯೋ ಎಂಬುದು ತಿಳಿಯುತ್ತದೆ. ಹತ್ತು ದಿನ ಹೀಗೆ ಮಾಡಿದರೆ ನಿಮ್ಮದೇ ಆದ ಒಂದು ಸಂಖ್ಯೆ ಸಿಗುತ್ತದೆ. ಗುಡ್ಡದ ನಾಡಿಗೆ ಪ್ರವಾಸ ಹೊರಡುವಾಗ ಪಂಪು, ಪಂಕ್ಚರ್ ಸಾಮಾನು, ಹೊಸ ಬ್ರೇಕ್ ರಬ್ಬರುಗಳ ಜೊತೆಗೆ ಆ ಸಂಖ್ಯೆಯೂ ನಿಮ್ಮ ಬಳಿ ಇರಲಿ.